ಅಪ್‌ಡೇಟ್: ಕಟ್ಟಡ, ಮಹಡಿ, ಕೊಠಡಿ ಈಗ ಸರಿಯಾಗಿ ಕೂತಿವೆ

ಫುಲ್‌ಕ್ಯಾಲೆಂಡರ್ ಅಂದರೆ ವೆಬ್ ಪುಟದಲ್ಲಿ ಕ್ಯಾಲೆಂಡರ್ ತೋರಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಅದರ ರಿಸೋರ್ಸ್ ಟೈಮ್‌ಲೈನ್‌ನಲ್ಲಿ (ಕೊಠಡಿಯಂಥ ಪ್ರತಿ ರಿಸೋರ್ಸ್‌ಗೆ ಒಂದು ಸಾಲು, ಅಡ್ಡಕ್ಕೆ ಸಮಯ) ಕಟ್ಟಡದೊಳಗೆ ಮಹಡಿ, ಮಹಡಿಯೊಳಗೆ ಕೊಠಡಿ ಅಂತ ಜೋಡಿಸೋದು ಹೇಗೆ ಎಂದು ಕೇಳಿದ್ದೆ. ಕೆಲಸ ಆಯಿತು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಕೆಲವರು ಹೇಳಿದ 'ರಿಸೋರ್ಸ್‌ಗ್ರೂಪ್‌ಫೀಲ್ಡ್' (ಒಂದು ಫೀಲ್ಡ್ ನೋಡಿ ಸಾಲುಗಳನ್ನು ಗುಂಪು ಮಾಡುವ ಸೆಟ್ಟಿಂಗ್) ಸುಮ್ನೆ ಒಂದು ಹಂತದ ಗುಂಪು ಬೇಕಾದಾಗ ಚೆನ್ನಾಗಿದೆ. ನನಗೆ ಹಂತದೊಳಗೆ ಹಂತ ಬೇಕಿತ್ತು, ಅದಕ್ಕೆ 'ಪೇರೆಂಟ್‌ಐಡಿ' ಬಳಸಿದೆ, ಅಂದರೆ ಪ್ರತಿ ಸಾಲಿನಲ್ಲೂ ಅದರ ಮೇಲಿನ ಸಾಲಿನ ಐಡಿ ಬರೆಯೋದು. ಕೊಠಡಿ 204ರ ಪೇರೆಂಟ್‌ಐಡಿ 'ಎ-2', ಅಂದರೆ ಅದರ ಮಹಡಿ; ಆ ಮಹಡಿಯ ಪೇರೆಂಟ್‌ಐಡಿ 'ಎ', ಅಂದರೆ ಕಟ್ಟಡ. ಅಷ್ಟೇ. ಡೇಟಾಬೇಸ್‌ನಿಂದ ಬರುವ ಸಾಲುಗಳೂ ಹೆಚ್ಚಾಗಿ ಹೀಗೇ ಇರುತ್ತವೆ ಅಲ್ವಾ? 'ಚಿಲ್ಡ್ರನ್' ಅಂತ ಅರೇ (ಪಟ್ಟಿ) ಒಳಗೆ ಅರೇ ಕಟ್ಟೋದು ತಪ್ಪಿತು.

ಜಾಸ್ತಿ ತಲೆ ತಿಂದದ್ದು ಬುಕಿಂಗ್‌ಗಳು. ಕೊಠಡಿಯ ಬುಕಿಂಗ್ ಕೊಠಡಿಯ ಸಾಲಿನಲ್ಲಿ ಮಾತ್ರ ಕಾಣುತ್ತದೆ. ಕಟ್ಟಡದ ಸಾಲನ್ನು ಮಡಚಿದರೆ ಎಲ್ಲ ಖಾಲಿ ಇದ್ದಂತೆ ತೋರುತ್ತದೆ. ನೋಡುವವರು ಕೊಠಡಿ ಖಾಲಿ ಇದೆ ಅಂದುಕೊಂಡರೆ ಕಷ್ಟ. ಹಾಗಾಗಿ ಪ್ರತಿ ಈವೆಂಟ್‌ನ (ಅಂದರೆ ಬುಕಿಂಗ್‌ನ) 'ರಿಸೋರ್ಸ್‌ಐಡೀಸ್'ನಲ್ಲಿ, ಅದು ಯಾವ ಸಾಲುಗಳಲ್ಲಿ ಕಾಣಬೇಕೆಂಬ ಪಟ್ಟಿಯಲ್ಲಿ, ಕೊಠಡಿ, ಕಟ್ಟಡ ಎರಡನ್ನೂ ಕೊಟ್ಟೆ. ಈಗ ಮಡಚಿದರೂ ಕಟ್ಟಡದ ಸಾಲಿನಲ್ಲಿ ಬುಕಿಂಗ್ ಕಾಣುತ್ತದೆ. ಯಾರೂ ಎಳೆದು ಬೇರೆ ಸಾಲಿಗೆ ಹಾಕಬಾರದೆಂದು 'ರಿಸೋರ್ಸ್‌ಎಡಿಟಬಲ್' ಫಾಲ್ಸ್ ಮಾಡಿದ್ದೇನೆ.

ಸಾಲುಗಳ ಕ್ರಮಕ್ಕೆ ನಮ್ಮದೇ ಒಂದು ಫೀಲ್ಡ್ ಸೇರಿಸಿ 'ರಿಸೋರ್ಸ್‌ಆರ್ಡರ್' ಎಂಬ ಸೆಟ್ಟಿಂಗ್‌ಗೆ ಕೊಟ್ಟರೆ ಸಾಕು. ನೆಲಮಹಡಿ ಮೊದಲು ಬರುತ್ತದೆ.