ಮುಂಗಾಲು ಬಂದ ಮೇಲೆ ಕಪ್ಪೆಮರಿಗಳು ಸಾಯುತ್ತಿವೆ, 5 ವಾರ ಚೆನ್ನಾಗಿದ್ದವು. ಈಗ ಯಾಕೆ?

ನಾಲೆಬದಿ (ದಾವಣಗೆರೆ)

ನೆಲಗಪ್ಪೆಯ ಗೊದಮೊಟ್ಟೆಗಳು. ಗದ್ದೆ ಪಕ್ಕದ ಹೊಂಡ ಒಣಗುತ್ತಿತ್ತು, ಅಲ್ಲಿದ್ದ ಮೊಟ್ಟೆಗಳ ಲೋಳೆದಾರ ತಂದು ಸಾಕಿದ್ದು. 40 ಲೀಟರಿನ ಗಾಜಿನ ತೊಟ್ಟಿ, ಸುಮಾರು 120 ಮರಿ, ಫಿಲ್ಟರ್ ಇಲ್ಲ. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಹಾಕುತ್ತೇನೆ, ವಾರಕ್ಕೊಮ್ಮೆ ಅರ್ಧ ಬದಲಿಸುತ್ತೇನೆ. ನೀರು 25–26 ಡಿಗ್ರಿ. ಊಟಕ್ಕೆ ಬೇಯಿಸಿದ ಪಾಲಕ್.

ಹಿಂಗಾಲು ಬರುವವರೆಗೂ ಒಂದೂ ಸಾಯಲಿಲ್ಲ. ಮುಂಗಾಲು ಹೊರಬಿದ್ದು 2–4 ದಿನಕ್ಕೆ, ಬಾಲ ಅರ್ಧ ಕರಗಿರುವಾಗ ಸಾಯುತ್ತಿವೆ. ನಿನ್ನೆ 7, ಇವತ್ತು 11. ಕೆಲವಕ್ಕೆ ತೊಡೆಯ ಒಳಬದಿ, ಹೊಟ್ಟೆ ಕೆಂಪಾಗಿದೆ. ಅದೇ ನೀರಿನಲ್ಲಿ ಮುಂಗಾಲು ಬರದ ಮರಿಗಳು ಈಗಲೂ ಚುರುಕಾಗಿವೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆಂಟಿಬಯೋಟಿಕ್ ಪುಡಿ ಹಾಕಲೇ? ಅರಿಶಿನ ಹಾಕಿ ಅಂತಲೂ ಒಬ್ಬರು ಹೇಳಿದರು.

ಕೋಟೆಕಲ್ಲು (ಚಿತ್ರದುರ್ಗ)

ಮೊದಲು ಒಂದು ಖಚಿತ ಮಾಡಿಕೊಳ್ಳಿ ಸರ್: ತೊಟ್ಟಿಯಲ್ಲಿ ಹತ್ತಿ ಕೂರಲು ಜಾಗ ಇದೆಯಾ? ಮುಂಗಾಲು ಬರುವ ಹೊತ್ತಿಗೆ ಕಿವಿರು ಕರಗುತ್ತಾ ಬಂದಿರುತ್ತದೆ, ಉಸಿರಾಟ ಶ್ವಾಸಕೋಶಕ್ಕೆ ಸರಿಯುತ್ತದೆ. ನೇರ ಗಾಜಿನ ಗೋಡೆ ಇದ್ದರೆ ಈಜಿ ಸುಸ್ತಾಗಿ ಮುಳುಗಿ ಸಾಯುತ್ತವೆ. ಮುಳುಗಿ ಸತ್ತದ್ದಕ್ಕೆ ಸಾಮಾನ್ಯವಾಗಿ ಕೆಂಪು ಇರುವುದಿಲ್ಲ. ನಿಮ್ಮಲ್ಲಿ ಮುಳುಗುವುದು, ಸೋಂಕು ಎರಡೂ ಸೇರಿರಬಹುದು.

ಗುಲ್ಮ

ಪುಡಿ ಬೇಡ, ಅರಿಶಿನವೂ ಬೇಡ. ಈ ಹಂತದ ಚರ್ಮ ನೀರಿನಲ್ಲಿ ಇರುವುದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಚರ್ಮದ ಮೇಲೆ ಮರಿಯನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ನೆಲೆಯೂರುತ್ತಿರುತ್ತವೆ, ಪುಡಿ ಹಾಕಿದರೆ ಮೊದಲು ಹೋಗುವುದು ಅವೇ.

ನಿಮ್ಮ ಪ್ರಶ್ನೆಯಲ್ಲೇ ಸುಳಿವು ಇದೆ: ನೀರು ಅದೇ, ಮುಂಗಾಲು ಬರದ ಮರಿ ಚೆನ್ನಾಗಿದೆ. ಅಂದರೆ ಹೊರಗಿನಿಂದ ಹೊಸದೇನೂ ಬರದೆಯೂ ಹೀಗಾಗಬಹುದು. ಕೆಂಪು ತೊಡೆಗೆ ಸಾಮಾನ್ಯ ಕಾರಣವಾದ ಏರೋಮೊನಾಸ್ ಬ್ಯಾಕ್ಟೀರಿಯಾ ಕೊಳದ ನೀರಿನಲ್ಲಿ ಸದಾ ಇರುವಂಥದ್ದು. ಬದಲಾಗಿರುವುದು ಮರಿಯ ಒಳಗೆ.

ಗೊದಮೊಟ್ಟೆಯ ರೋಗನಿರೋಧಕ ವ್ಯವಸ್ಥೆಯನ್ನು ಕಪ್ಪೆಯದ್ದರ ಸಣ್ಣ ರೂಪ ಅಂದುಕೊಂಡರೆ ತಪ್ಪು. ಇದನ್ನು ತುಂಬ ವಿವರವಾಗಿ ನೋಡಿರುವುದು ಆಫ್ರಿಕಾದ ಉಗುರುಗಪ್ಪೆ ಝೆನೋಪಸ್ ಲೇವಿಸ್‌ನಲ್ಲಿ. ಅದರ ಥೈಮಸ್ ಗ್ರಂಥಿ (ರಕ್ಷಣಾ ಕೋಶಗಳು ಬಲಿಯುವ ಜಾಗ) ಮೊದಲ ವಾರದಲ್ಲೇ ಮೂಡುತ್ತದೆ, ಎರಡನೇ ವಾರದ ಹೊತ್ತಿಗೆ ಗುಲ್ಮ, ಅಂದರೆ ಸ್ಪ್ಲೀನ್, ಕಾಣಿಸುತ್ತದೆ. ಮರಿಯೂ ಪ್ರತಿಕಾಯ ಮಾಡುತ್ತದೆ, ಪರಕೀಯ ಚರ್ಮದ ಕಸಿಯನ್ನು ತಿರಸ್ಕರಿಸುತ್ತದೆ, ಆದರೆ ಎರಡೂ ದೊಡ್ಡ ಕಪ್ಪೆಗಿಂತ ನಿಧಾನ. ಜೀವಕೋಶದ ಮೇಲಿರುವ ಗುರುತಿನ ಚೀಟಿಗಳಲ್ಲಿ ಒಂದಾದ ಎಂಎಚ್‌ಸಿ ಒಂದನೇ ವರ್ಗದ ಪ್ರೋಟೀನು ಗೊದಮೊಟ್ಟೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ರೂಪಾಂತರದ ಸಮಯದಲ್ಲಿ ಅದು ದೇಹವೆಲ್ಲ ಮೂಡುತ್ತದೆ. ಹಿಮೋಗ್ಲೋಬಿನ್ ಬದಲಾಗುತ್ತದೆ, ಚರ್ಮದ ಪ್ರೋಟೀನುಗಳು ಬದಲಾಗುತ್ತವೆ.

ಈಗ ಹಳೆಯ ಲಿಂಫೋಸೈಟುಗಳ, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ, ಪಾಡು ನೋಡಿ. ಅವು ಗೊದಮೊಟ್ಟೆಯ ದೇಹವನ್ನು ಮಾತ್ರ 'ನಮ್ಮದು' ಎಂದು ಕಲಿತವು. ಹೊಸ ದೇಹ ಅವಕ್ಕೆ ಪರಕೀಯ. ಅವು ಹಾಗೇ ಉಳಿದರೆ ಮರಿ ತನ್ನ ಮೇಲೆ ತಾನೇ ಬೀಳುವ ಅಪಾಯ. ಬಾಲ ಕರಗಿಸುವ ಥೈರಾಯ್ಡ್ ಹಾರ್ಮೋನಿನ ಜೊತೆಗೇ ಕಾರ್ಟಿಕೊಸ್ಟೆರಾನ್ ಕೂಡ ಏರುತ್ತದೆ, ಅದು ಲಿಂಫೋಸೈಟುಗಳನ್ನು ಕೊಲ್ಲುತ್ತದೆ. ಝೆನೋಪಸ್‌ನ ಥೈಮಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗುತ್ತವೆ. ಆಮೇಲೆ ಹೊಸ ತಂಡ ಹುಟ್ಟಿ, ಹೊಸ ದೇಹವನ್ನು ಗುರುತಿಸಲು ಕಲಿಯಬೇಕು. ಚರ್ಮದಲ್ಲಿ ರೋಗಾಣು ಕೊಲ್ಲುವ ಪೆಪ್ಟೈಡ್ ಸುರಿಸುವ ಗ್ರಂಥಿಗಳೂ ಇದೇ ಹೊತ್ತಿಗೆ ಬಲಿಯುತ್ತಿರುತ್ತವೆ. ಹಳೆ ಕಾವಲುಗಾರ ಹೋಗಿದ್ದಾನೆ, ಹೊಸಬ ಇನ್ನೂ ಕೆಲಸಕ್ಕೆ ಬಂದಿಲ್ಲ. ನಿಮ್ಮ ಮರಿಗಳು ಸಾಯುತ್ತಿರುವುದು ಸರಿಯಾಗಿ ಆ ನಡುವಿನ ದಿನಗಳಲ್ಲಿ.

ಇಲ್ಲೇ ನಿಮ್ಮ ತೊಟ್ಟಿಯ ಲೆಕ್ಕ ಬರುವುದು. ಕಾರ್ಟಿಕೊಸ್ಟೆರಾನ್ ಒತ್ತಡದ ಹಾರ್ಮೋನು ಕೂಡ. ಕಿಕ್ಕಿರಿದ ತೊಟ್ಟಿ, ಇಳಿಯುತ್ತಿರುವ ನೀರು, ಅಮೋನಿಯಾ ಇವೆಲ್ಲ ಅದನ್ನು ಇನ್ನಷ್ಟು ಏರಿಸುತ್ತವೆ. ಲೀಟರಿಗೆ 3 ಮರಿ ತೀರಾ ಹೆಚ್ಚಾಯಿತು.

ನಾಲೆಬದಿ

ಈಗ ಅರ್ಥವಾಯಿತು ಸರ್, ಧನ್ಯವಾದ. ಉಳಿದ ಸುಮಾರು 90 ಮರಿಗೆ ಈಗಲೇ ಏನು ಮಾಡಲಿ?

ಗುಲ್ಮ

ಇವತ್ತೇ ಮೂರು ಗುಂಪು ಮಾಡಿ. ಕೆಂಪಾದವು ಬೇರೆ, ಮುಂಗಾಲು ಬಂದವು ಬೇರೆ, ಹಿಂಗಾಲಿನವು ಬೇರೆ. ಮೂರಕ್ಕೂ ಬೇರೆ ಬೇರೆ ಜಾಲರಿ, ಬೇರೆ ಮಗ್ಗು. ಕೆಲಸ ಯಾವಾಗಲೂ ಆರೋಗ್ಯವಾಗಿರುವ ಕಡೆಯಿಂದ ಶುರು ಮಾಡಿ, ಕೆಂಪಾದವು ಕೊನೆಗೆ.

ಹಿಂಗಾಲಿನ ಮರಿಗಳು: 2 ಲೀಟರಿಗೆ ಒಂದು. ಒಂದೇ ಸಲ ನೀರು ಪೂರ್ತಿ ಬದಲಿಸಬೇಡಿ, ದಿನಕ್ಕೆ ಐದನೇ ಒಂದು ಭಾಗ, ಅದೇ ಉಷ್ಣತೆಯ ನೀರು. ತಳದ ಪಾಲಕ್ ಚೂರು, ಹಿಕ್ಕೆ ಸಂಜೆಗೇ ಸಣ್ಣ ಪೈಪಿನಿಂದ ಎಳೆದು ತೆಗೆಯಿರಿ. ಅಮೋನಿಯಾ ಕಿಟ್‌ನಲ್ಲಿ ಬಣ್ಣ ಕಾಣಿಸಿಕೊಂಡರೆ ಆ ದಿನವೇ ಮತ್ತೊಂದು ಸಲ ಬದಲಿಸಿ.

ದಿನಾ ಬೆಳಗ್ಗೆ ಮರಿಯ ಎದೆಯ ಎರಡೂ ಬದಿ ನೋಡಿ. ಚರ್ಮದ ಕೆಳಗೆ ಮೊಣಕೈ ಒತ್ತಿದ ಹಾಗೆ ಸಣ್ಣ ಉಬ್ಬು ಕಂಡರೆ, ಮುಂಗಾಲು ಇನ್ನೇನು ಹೊರಬರುತ್ತದೆ ಅಂತ. ಆ ಮರಿಯನ್ನು ಆಗಲೇ ಬೇರೆ ಟ್ರೇಗೆ ಹಾಕಿ. ಕಾಲು ಬಂದ ಮೇಲೆ ಶುಚಿ ಮಾಡಲು ಹೊರಟರೆ ತಡವಾಗಿರುತ್ತದೆ. ಅಗಲವಾದ ಪ್ಲಾಸ್ಟಿಕ್ ಟ್ರೇ ಸಾಕು: ಒಂದು ಕಡೆ ಎತ್ತಿ ಇಡಿ, ಆಳದ ಕಡೆ 2 ಸೆಂಮೀ ನೀರು, ಮೇಲಿನ ಕಡೆ ಒದ್ದೆ ಪಾಚಿ ಅಥವಾ ನೆನೆಸಿದ ತೆಂಗಿನ ನಾರು. ಬಾಲ ಕರಗುವವರೆಗೆ ಊಟ ಹಾಕಬೇಡಿ. ಬಾಯಿ, ಕರುಳು ಎರಡೂ ಬದಲಾಗುತ್ತಿರುತ್ತವೆ, ಬಾಲವೇ ಅದರ ಬುತ್ತಿ. ಹಾಕಿದ ಊಟ ಕೊಳೆತು ಬ್ಯಾಕ್ಟೀರಿಯಾ ಬೆಳೆಸುತ್ತದೆ, ಅಷ್ಟೇ.

ಊದಿಕೊಂಡ ಮರಿಗೆ ಮಾತ್ರ ರಿಂಗರ್ ದ್ರಾವಣ: ಲೀಟರ್ ನೀರಿಗೆ ಉಪ್ಪು 6.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.15, ಕ್ಯಾಲ್ಸಿಯಂ ಕ್ಲೋರೈಡ್ 0.15, ಅಡುಗೆ ಸೋಡಾ 0.2 ಗ್ರಾಂ. ಇದರಿಂದ ದೇಹದೊಳಗೆ ನೀರು ನುಗ್ಗುವುದು ತಗ್ಗುತ್ತದೆ, ರೋಗಾಣು ಸಾಯುವುದಿಲ್ಲ. ಅಯೋಡಿನ್ ಇರುವ ಅಡುಗೆ ಉಪ್ಪು ಬೇಡ. ಥೈರಾಯ್ಡ್ ಹಾರ್ಮೋನು ತಯಾರಾಗುವುದೇ ಅಯೋಡಿನ್‌ನಿಂದ, ಈ ಹಂತದಲ್ಲಿ ಅದನ್ನು ಕೆದಕುವುದು ಬೇಡ.

ಕೋಟೆಕಲ್ಲು

ಬೋರ್ ನೀರಿಗೆ ಬದಲಿಸುವ ಯೋಚನೆ ಇದ್ದರೆ ಬಿಡಿ. ನಮ್ಮ ಕಡೆ ಅದು ಗಡಸು, ಫ್ಲೋರೈಡೂ ಇದೆ. ತೆರೆದಿಟ್ಟ ನಲ್ಲಿ ನೀರಿಗೆ ಶುದ್ಧ ಮಳೆನೀರು ಬೆರೆಸಿ. ಗುಲ್ಮ ಸರ್, ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಇರಬಹುದಾ?

ಗುಲ್ಮ

ತಳ್ಳಿಹಾಕುವ ಹಾಗಿಲ್ಲ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಅದು ಪತ್ತೆಯಾಗಿದೆ. ಅದಕ್ಕೆ ಬೇಕಾದ್ದು ಕೆರಾಟಿನ್, ನಮ್ಮ ಉಗುರಿನಲ್ಲಿರುವಂಥ ಗಟ್ಟಿ ಪ್ರೋಟೀನು. ಗೊದಮೊಟ್ಟೆಗೆ ಅದು ಇರುವುದು ಬಾಯಿಯಲ್ಲಿ ಮಾತ್ರ, ಹಾಗಾಗಿ ಅಲ್ಲಿ ಸುಮ್ಮನೆ ಇರುತ್ತದೆ, ಮರಿ ಸಾಯುವುದು ಕಡಿಮೆ. ರೂಪಾಂತರದಲ್ಲಿ ಚರ್ಮವೆಲ್ಲ ಕೆರಾಟಿನ್ ಆಗುತ್ತದೆ, ಶಿಲೀಂಧ್ರ ಮೈತುಂಬ ಹರಡುತ್ತದೆ. ಚರ್ಮದ ಮೂಲಕ ಸೋಡಿಯಂ, ಪೊಟ್ಯಾಸಿಯಂ ಸಾಗುವುದು ಕೆಟ್ಟು ಹೃದಯ ನಿಲ್ಲುತ್ತದೆ. 10 ಪಟ್ಟು ಲೆನ್ಸಿನಲ್ಲಿ ಹಿಂಗಾಲಿನ ಮರಿಯ ಬಾಯಿ ನೋಡಿ. ಕೊಕ್ಕಿನಂಥ ದವಡೆಯ ಅಂಚು ಕಾಡಿಗೆ ತೀಡಿದ ಹಾಗೆ ಕಪ್ಪಾಗಿರಬೇಕು. ಅಲ್ಲಲ್ಲಿ ಬಿಳಿಚಿದ್ದರೆ ಸಂಶಯ ಪಡಿ, ಆದರೆ ಬೇರೆ ಕಾರಣಕ್ಕೂ ಬಿಳಿಚುತ್ತದೆ. ಈ ಶಿಲೀಂಧ್ರ 17–25 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ, 28 ದಾಟಿದರೆ ಸೊರಗುತ್ತದೆ.

ತೊಡೆ ಕೆಂಪಾಗುವುದು ರಾನಾವೈರಸ್‌ನಿಂದಲೂ ಆಗುತ್ತದೆ. ಕಣ್ಣಲ್ಲಿ ನೋಡಿ ಹೇಳಲಾಗದು, ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಬೇಕು. ಸತ್ತು ಒಂದೆರಡು ಗಂಟೆಯೊಳಗೆ ಕೆಲವನ್ನು 70 ಪರ್ಸೆಂಟ್ ಆಲ್ಕೋಹಾಲ್‌ನಲ್ಲಿ, ಕೆಲವನ್ನು ಹೊಟ್ಟೆ ಸೀಳಿ 10 ಪರ್ಸೆಂಟ್ ಫಾರ್ಮಲಿನ್‌ನಲ್ಲಿ ಇಡಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಮೊದಲು ಫೋನ್ ಮಾಡಿ ವಿಚಾರಿಸಿ.

ನಾಲೆಬದಿ

ಬಾಯಿ ಕಪ್ಪಾಗಿಯೇ ಇದೆ. ಟ್ರೇಗೆ ಹಾಕಿದ 14ರಲ್ಲಿ ಮೂರು ದಿನಕ್ಕೆ 2 ಸತ್ತಿವೆ, ಉಳಿದವು ಪಾಚಿ ಹತ್ತಿ ಕೂತಿವೆ. ಬಾಲ ಹೋದವನ್ನು ಕುಂದುವಾಡ ಕೆರೆ ಕಡೆ ಬಿಡಲೇ?

ಗುಲ್ಮ

ಬೇಡ್ರಿ, ದಯವಿಟ್ಟು ಬೇಡ. ಬಾಲ ಹೋದ ದಿನವೇ ಹೊಸ ರಕ್ಷಣೆ ಪೂರ್ತಿ ಬಂದಿರುವುದಿಲ್ಲ, ಅದಕ್ಕೆ ವಾರಗಳು ಬೇಕು. ಅದಕ್ಕಿಂತ ಮುಖ್ಯ, ನಿಮ್ಮ ತೊಟ್ಟಿಯ ರೋಗ ಯಾವುದೆಂದು ಗೊತ್ತಾಗದೆ ಬೇರೆ ನೀರಿಗೆ ಬಿಟ್ಟರೆ ಅಲ್ಲಿನ ಕಪ್ಪೆಗಳಿಗೆ ಅದನ್ನು ಹಂಚಿದಂತೆ. ಬಾಲ ಹೋಗಿ 2–3 ದಿನಕ್ಕೆ ಊಟ ಶುರು ಮಾಡಿ. ಮರಿ ಒಂದು ಸೆಂಮೀ ಅಷ್ಟೇ, ಬಾಯಿಗೆ ಹಿಡಿಸುವುದು ಹಣ್ಣುನೊಣ, ಗಿಡಹೇನು, ಸಣ್ಣ ಗೆದ್ದಲು. ಕಳಿತ ಬಾಳೆಹಣ್ಣು ಬಾಟಲಿಯಲ್ಲಿ ಇಟ್ಟರೆ ನೊಣ ತಾವೇ ಬರುತ್ತವೆ. ಪರೀಕ್ಷೆಯಲ್ಲಿ ಏನೂ ಸಿಗದೆ, ಮೂರು ವಾರ ಒಂದೂ ಸಾಯದೆ ಇದ್ದರೆ, ಮೊಟ್ಟೆ ತಂದ ಅದೇ ಹೊಂಡದ ಬದಿಗೆ, ಮಳೆ ಬಿದ್ದ ಸಂಜೆ ಬಿಡಿ.

ತೊಟ್ಟಿಯ ನೀರು ನಾಲೆಗೆ ಚೆಲ್ಲಬೇಡಿ. 4 ಪರ್ಸೆಂಟ್ ಬ್ಲೀಚ್ ದ್ರಾವಣ ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿ ತೊಟ್ಟಿ, ಜಾಲರಿಗಳನ್ನು 10 ನಿಮಿಷಕ್ಕೆ ಕಡಿಮೆಯಾಗದಂತೆ ನೆನೆಸಿ, ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಪರೀಕ್ಷೆಯ ಉತ್ತರ ಬಂದಾಗ ಇಲ್ಲೇ ಹಾಕಿ.