ಸೈಬೀರಿಯಾ ಕೈದಿಗಳ ನಾಟಕ: ಗೋಬಿ ದಾಟೋದು ನಂಬೂಹಂಗ ಹ್ಯಾಂಗ ತೋರಿಸ್ಬೇಕು?

ರಂಗಪೆಟ್ಟಿಗೆ (ಕಲಬುರಗಿ):
ನಮಸ್ಕಾರ್ರಿ. ಏಪ್ರಿಲ್‌ದಾಗ ಪಂಡಿತ ರಂಗಮಂದಿರದಾಗ ಆಡ್ಲಿಕ್ಕೆ ಒಂದೂವರೆ ತಾಸಿನ ನಾಟಕ ಬರೀಲಿಕ್ಕತ್ತೀವಿ. 1942ರ ಚಳಿಗಾಲ. ಬೈಕಲ್ ಸರೋವರದ ಉತ್ತರಕ್ಕಿರೋ ಸೋವಿಯತ್ ಶಿಬಿರದಿಂದ ಆರು ಕೈದಿಗಳು ತಪ್ಪಿಸ್ಕೊಂಡು ಮಂಗೋಲಿಯಾ, ಗೋಬಿ ಮರುಭೂಮಿ, ಟಿಬೆಟ್ ಹಾದು ಸಿಕ್ಕಿಂಗೆ ಬರ್ತಾರ. ನಾಯಕ ಪೋಲೆಂಡಿನವ. ಬಾಯಾರಿದ್ರ ಹಿಮ ತಿಂತಾರ, ಮರಗಟ್ಟಿದ ಕಾಲು ಹಿಮದಿಂದ ತಿಕ್ಕತಾರ, ಗೋಬಿಯೊಳಗ ಹನ್ನೆರಡು ದಿನ ನೀರಿಲ್ದೆ ನಡೀತಾರ. ಇದ್ರಾಗ ಯಾವುದು ನಿಲ್ತದ, ಯಾವುದು ಬೀಳ್ತದ? ಮೇಕಪ್ಪಿಂದೂ ಹೇಳ್ರಿ.

ಕೋಟೆಬಾಗಿಲು (ಬೀದರ್):
ಮೊದಲು ಇಸವಿ ತಿದ್ರಿ. 1941ರ ಜುಲೈ 30ಕ್ಕ ಪೋಲೆಂಡಿನ ದೇಶಾಂತರ ಸರ್ಕಾರಕ್ಕೂ ಸೋವಿಯತ್ತಿಗೂ ಒಪ್ಪಂದ ಆಯ್ತು, ಆಗಸ್ಟ್‌ದಾಗ ಪೋಲಿಷ್ ಕೈದಿಗಳಿಗೆ ಕ್ಷಮಾದಾನ ಬಂತು. ಎಲ್ಲರನ್ನೂ ಬಿಡಲಿಲ್ಲ ಖರೆ, ಆದ್ರ 1942ರಾಗ ಇವ ಯಾಕ ಓಡ್ತಾನ ಅಂತ ಕೇಳೋರು ಕೇಳೇ ಕೇಳ್ತಾರ. 1941ರ ಮಾರ್ಚಿಗೆ ತಂದ್ರ ಎರಡು ಕೆಲಸ ಆಗ್ತಾವ: ಬೈಕಲ್ ಇನ್ನೂ ಹೆಪ್ಪುಗಟ್ಟಿರ್ತದ, ದಿನಕ್ಕ 20 ಕಿ.ಮೀ. ಹಿಡಿದ್ರೂ ಗೋಬಿ ಮುಟ್ಟೋದ್ರೊಳಗ ಬ್ಯಾಸಗಿ ಬಂದಿರ್ತದ.

ಮಂಗೋಲಿಯಾ ಗಡಿ ದಾಟಿದ ಕೂಡ್ಲೆ ಕುಣಿಯೋ ದೃಶ್ಯ ಇದ್ರ ತಗೀರಿ. 1924ರಿಂದ ಅಲ್ಲೂ ಕಮ್ಯುನಿಸ್ಟ್ ಆಡಳಿತ ಇತ್ತು, ಮಾಸ್ಕೋದ ಮಿತ್ರದೇಶ ಆಗಿತ್ತು. ಬೈಕಲ್‌ನ ದಕ್ಷಿಣ ದಂಡಿಗೆ ರೈಲು ಹಳಿ ಅದ, ಕಾವಲು ಇರೋದು ಅಲ್ಲಿ. ನಿಮ್ಮ ಬಿಗಿ ದೃಶ್ಯ ಅಲ್ಲೇ ಇಡ್ರಿ. ಅಲ್ಲಿಂದ ಸಿಕ್ಕಿಂ ಗಡಿಯ ನಾಥು ಲಾ ಕಣಿವೆಗೆ ನಕ್ಷೆ ಮ್ಯಾಲ ಗೆರೆ ಎಳೆದ್ರೇ 3,000 ಕಿ.ಮೀ. ಹತ್ರ ಆಗ್ತದ, ಕಾಲ್ದಾರಿ ಅದಕ್ಕಿಂತ ಭಾಳ ಹೆಚ್ಚು.

ನಾಡಿಮಿಡಿತ (ಯಾದಗಿರಿ):
ಹನ್ನೆರಡು ದಿನ ಸಾಧ್ಯನ ಇಲ್ರಿ. 40 ಡಿಗ್ರಿಯೊಳಗ ನಡೆಯೋ ಮನುಷ್ಯಾಗ ತಾಸಿಗೆ ಒಂದು ಲೀಟರ್ ತನಕ ಬೆವರು ಹೋಗ್ತದ. 60 ಕಿಲೋ ಆಳಿನ ಮೈಯಿಂದ ಆರು ಲೀಟರ್ ಹೋದ್ರ ನಡಿಗಿ ಮುಗೀತು. ಹಗಲು ನಡೆದ್ರ ಎರಡನೇ ದಿನ ದಾಟೋದು ಕಷ್ಟ. ರಾತ್ರಿ ನಡೆದು ಹಗಲು ನೆಳ್ಳಿಗೆ ಬಿದ್ಕೊಂಡ್ರ ಮೂರು ದಿನ ಎಳೀಬಹುದು. ಹಂಗಾಗಿ ನಡುವೆ ಒಂದು ಕೆಸರಿನ ಬಾವಿ ಇಡ್ರಿ. ನಟರಿಗೆ ಒಂದು ಮಾತು: ನಿರ್ಜಲ ಆದವ ಉದ್ದುದ್ದ ಸಂಭಾಷಣೆ ಹೇಳಂಗಿಲ್ಲ. ನಾಲಿಗಿ ಅಂಗುಳಕ್ಕ ಅಂಟ್ತದ, ಮಾತು ತೊದಲ್ತದ, ಅತ್ರೂ ಕಣ್ಣೀರು ಬರಂಗಿಲ್ಲ.

ಒಂದು ಕಿಲೋ ಹಿಮ ಹೊಟ್ಟಿಯೊಳಗ ಕರಗಿ ಮೈಬಿಸಿಗೆ ಬರ್ಲಿಕ್ಕೆ ಸುಮಾರು 120 ಕಿಲೋಕ್ಯಾಲೊರಿ ಬೇಕು. ಹಸಿದವ್ರಿಗೆ ಅದು ನಷ್ಟ, ಮ್ಯಾಲಿಂದ ಮೈ ತಣ್ಣಗಾಗ್ತದ. ಡಬ್ಬಿಯೊಳಗ ಕರಗಿಸೋದು ತೋರಿಸ್ರಿ, ತಳಕ್ಕ ಸ್ವಲ್ಪ ನೀರಿದ್ರ ಹಿಮ ಸೀಯಂಗಿಲ್ಲ. ಕಾಲು ತಿಕ್ಕಿದ್ರ ಚರ್ಮ ಹರೀತದ. 37ರಿಂದ 39 ಡಿಗ್ರಿ ನೀರಿನ್ಯಾಗ ಇಡೋದೇ ಸರಿ, ಅದೂ ಮತ್ತ ಹೆಪ್ಪುಗಟ್ಟಂಗಿಲ್ಲ ಅನ್ನೋ ಖಾತ್ರಿ ಇದ್ರ ಮಾತ್ರ. ಕರಗಿ ಮತ್ತ ಮರಗಟ್ಟಿದ್ರ ಬೆರಳು ಕಳೀತಾವ.

ನನಗ ಕೇಳಿದ್ರ ಆರು ಮಂದಿಯೊಳಗ ಒಬ್ಬಂಗ ಇರುಳುಗಣ್ಣು ಕೊಡ್ರಿ. ‘ಎ’ ಜೀವಸತ್ವದ ಕೊರತಿ. ಸೌದಿ ಆರಿಸ್ಲಿಕ್ಕೆ ಹೋದವ ಸಂಜಿಗೆ ಬೆಂಕಿ ಹತ್ರ ಇದ್ರೂ ದಾರಿ ತಪ್ತಾನ.

ರಂಗಪೆಟ್ಟಿಗೆ:
ಉಚ್ಚಿ ಕುಡಿಯೋ ದೃಶ್ಯ?

ನಾಡಿಮಿಡಿತ:
ತಗೀರಿ. ಉಪ್ಪು ತಿರುಗಿ ಒಳಗ ಹೋಗ್ತದ. ಇನ್ನೊಂದು, ಸಿಕ್ಕಿಂ ಮುಟ್ಟಿದ ಕೂಡ್ಲೆ ಅನ್ನದ ರಾಶಿ ಉಣಿಸ್ಬ್ಯಾಡ್ರಿ. ಭಾಳ ದಿನ ಉಪವಾಸ ಇದ್ದವ್ರು ಒಮ್ಮೆಲೆ ಉಂಡ್ರ ರಕ್ತದಾಗಿನ ಫಾಸ್ಫೇಟ್ ಕುಸಿದು ಎದಿ ನಿಲ್ಲಬಹುದು. ತೆಳು ಗಂಜಿ, ಗುಟುಕು ಗುಟುಕು.

ಬಣ್ಣದಂಗಡಿ (ಕಲಬುರಗಿ):
ಒಡೆದ ಚರ್ಮಕ್ಕ ಲಿಕ್ವಿಡ್ ಲ್ಯಾಟೆಕ್ಸ್ (ಮೇಕಪ್ಪಿನ ದ್ರವ ರಬ್ಬರ್) ಬಳಸ್ರಿ. ಗಲ್ಲದ ಚರ್ಮ ಬೆರಳಿಂದ ಎಳೆದು ಹಿಡಿದು, ಸ್ಪಂಜಿನಿಂದ ತೆಳ್ಳಗ ತಟ್ಟಿ, ಹೇರ್ ಡ್ರೈಯರ್‌ನ ತಣ್ಣನೆ ಗಾಳಿಯೊಳಗ ಒಣಗಿಸಿ, ಪೌಡರ್ ಹಾಕಿ ಆಮ್ಯಾಲ ಬಿಡ್ರಿ. ಸುಕ್ಕು ತಾನೇ ಬೀಳ್ತದ. ಹುಬ್ಬು, ಮೀಸಿಗೆ ಮೊದಲು ವ್ಯಾಸ್ಲಿನ್, ಇಲ್ಲಂದ್ರ ಕೂದಲ ಸಮೇತ ಕಿತ್ತು ಬರ್ತದ. ಅಲರ್ಜಿ ಪರೀಕ್ಷೆ ಹಿಂದಿನ ದಿನಾನ ಮೊಣಕೈ ಒಳಗ ಮಾಡ್ರಿ. ಏಪ್ರಿಲ್‌ದಾಗ ಲೈಟಿನ ಝಳಕ್ಕ ಬೆವರು ಕೂತು ಅಂಚು ಏಳ್ತದ. ಬಾಯಿ ಸುತ್ತ ಮೊದಲು ಏಳೋದ್ರಿಂದ ತುಟಿಗೆ ಲ್ಯಾಟೆಕ್ಸ್ ಬ್ಯಾಡ, ಬಣ್ಣದಾಗ ಬಿರುಕು ಬರೀರಿ. ಹಿಮಕ್ಕ ಹತ್ತಿ ಹಾಸಬ್ಯಾಡ್ರಿ, ಬೆಂಕಿ ದೃಶ್ಯ ಅದ.