ಬೈಕ್ ಸದ್ದು ಕೇಳಿದರೆ ಮಗ ಒಳಗೆ ಹೋಗುತ್ತಾನೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಕೊಪ್ಪಳದವನು. ಗಿಣಿಗೇರಾ ಹತ್ತಿರ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಗನಿಗೆ ಏಳು ವರ್ಷ. ಹೋದ ವಾರ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದೆ. ಅವನು ಮನೆಯೊಳಗೆ ಚೆಂಡಾಡುತ್ತಿದ್ದ. ಎದ್ದು ಹೊಡೆದುಬಿಟ್ಟೆ. ಈಗ ನನ್ನ ಬೈಕ್ ಸದ್ದು ಕೇಳಿದರೆ ಸಾಕು, ಒಳಕೋಣೆಗೆ ಹೋಗುತ್ತಾನೆ. "ನಿಮ್ಮ ಸಿಟ್ಟೆಲ್ಲ ನಮ್ಮ ಮೇಲೇನಾ?" ಅಂದಳು ಹೆಂಡತಿ. ನಿಜ ಅನ್ನಿಸಿತು.

ಉತ್ತರ (ಆಪ್ತ ಸಮಾಲೋಚಕಿ): ಸರ್, ಇದನ್ನು ಮುಚ್ಚಿಡದೆ ಬರೆದಿದ್ದೀರಿ, ಒಳ್ಳೆಯದಾಯಿತು. ಹೊಡೆಯುವುದು ಮಾತ್ರ ಇಲ್ಲಿಗೇ ನಿಲ್ಲಬೇಕು.

ಸೂಪರ್‌ವೈಸರ್ ಬೈದಾಗ ತಿರುಗಿ ಮಾತಾಡಲು ಆಗುವುದಿಲ್ಲ. ಆ ಸಿಟ್ಟು ಎಲ್ಲಿ ಎದುರುತ್ತರ ಬರುವುದಿಲ್ಲವೋ ಅಲ್ಲಿ ಹೊರಬರುತ್ತದೆ. ಅದು ಮಗು. ತನ್ನ ಭಾವನೆಯನ್ನು, ಎದುರಿನವರ ಭಾವನೆಯನ್ನು ಗುರುತಿಸಿ ಅದರಂತೆ ನಡೆಯುವ ಶಕ್ತಿಗೆ 1990ರಲ್ಲಿ ಸಾಲೋವೆ, ಮೇಯರ್ ಎಂಬ ಮನಶ್ಶಾಸ್ತ್ರಜ್ಞರು 'ಭಾವನಾತ್ಮಕ ಬುದ್ಧಿವಂತಿಕೆ' ಅಂದರು. ಹೆಸರು ದೊಡ್ಡದು, ಅಭ್ಯಾಸ ಚಿಕ್ಕದು. ಮನೆ ಮುಂದೆ ಬೈಕ್ ನಿಲ್ಲಿಸಿ ಎರಡು ನಿಮಿಷ ಅಲ್ಲೇ ಇರಿ. ಈಗ ನನಗಿರುವುದು ಸಿಟ್ಟಾ, ಅವಮಾನವಾ, ಬರೀ ನಿದ್ದೆಯಾ? ಒಂದು ಹೆಸರು ಕೊಡಿ. ಹೆಸರು ಸಿಕ್ಕ ಸಿಟ್ಟಿನ ಬಿಸಿ ಸ್ವಲ್ಪ ಇಳಿಯುತ್ತದೆ.

ನಿದ್ದೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಹಗಲು ನಿದ್ದೆ ರಾತ್ರಿಯಷ್ಟು ಗಟ್ಟಿ ಇರುವುದಿಲ್ಲ, ನಮ್ಮ ಕಡೆ ಬಿಸಿಲಿಗಂತೂ ಕೇಳುವುದೇ ಬೇಡ. ಕಿಟಕಿಗೆ ದಪ್ಪ ಪರದೆ ಹಾಕಿ. ಯಾವ ಹೊತ್ತು ಅಪ್ಪನ ನಿದ್ದೆ, ಯಾವ ಹೊತ್ತು ಚೆಂಡು ಅಂತ ಮಗನ ಜೊತೆ ಕೂತು ಗೊತ್ತು ಮಾಡಿ.

ಮಗನ ಹತ್ತಿರ ತಪ್ಪೊಪ್ಪಿಕೊಳ್ಳಿ. "ಹೊಡೆದದ್ದು ನನ್ನ ತಪ್ಪು, ನಿನ್ನದಲ್ಲ." ಅಷ್ಟೇ ಸಾಕು. "ನೀನೂ ಗಲಾಟೆ ಮಾಡಿದೆ" ಅಂತ ಸೇರಿಸಬೇಡಿ.

ಪ್ರಶ್ನೆ: ಮಗನ ಹತ್ತಿರ ಹಾಗೆ ಕೇಳಿಕೊಂಡರೆ ಮುಂದೆ ಮಾತು ಕೇಳುತ್ತಾನಾ ಮೇಡಂ? ನಮ್ಮಪ್ಪ ಒಂದು ದಿನವೂ ಹಾಗೆ ಅಂದವರಲ್ಲ.

ಉತ್ತರ: ನಿಮ್ಮ ತಂದೆ ಹಾಗೆ ಅಂದಿದ್ದರೆ ನಿಮಗೆ ಹೇಗನ್ನಿಸುತ್ತಿತ್ತು? ಅದೇ ಉತ್ತರ. ಆದರೆ ಮಗ ತಕ್ಷಣ ಓಡಿಬಂದು ತಬ್ಬಿಕೊಳ್ಳುವುದಿಲ್ಲ, ಕೆಲವು ವಾರ ಹಿಡಿಯಬಹುದು. ಒತ್ತಾಯ ಬೇಡ. ಸಿಟ್ಟು ತಡೆಯಲು ಆಗುತ್ತಲೇ ಇಲ್ಲ ಅನ್ನಿಸಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಸರ್ಕಾರದ್ದು, ಉಚಿತ, ರಾತ್ರಿ ಶಿಫ್ಟಿನಲ್ಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ ಕೇಳಿದವರು: ನಿನ್ನೆ ಹೇಳಿದೆ ಮೇಡಂ. ಸುಮ್ನೆ ಕೇಳಿಸಿಕೊಂಡ. ಆಮೇಲೆ "ನಾಳೆ ಯಾವ ಶಿಫ್ಟ್?" ಅಂದ. ಮಧ್ಯಾಹ್ನದ್ದು ಅಂದೆ. ಬೆಳಿಗ್ಗೆ ಶಾಲೆಗೆ ನಾನೇ ಬಿಟ್ಟು ಬಂದೆ.